ನಿಲುವಂಗಿಯ ಅಂಚಿನ ಬಿಲ್ಲೆಗಳು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು; ಒತ್ತಕ್ಷರಗಳು ಈಗಲೂ ಒಮ್ಮೊಮ್ಮೆ ಕೈಕೊಡುತ್ತವೆ. ನಮ್ಮ ಕ್ರೈಸ್ತ ಸಭೆಯವರು ವರ್ಷದ ಸಂಚಿಕೆಗೆ ಅಜ್ಜಿ ತಾತನ ಹೊರದೇಶದ ಸೇವೆಯ ಬಗ್ಗೆ ಬರೆದುಕೊಡಿ ಎಂದು ಹೇಳಿಕಳಿಸಿದಾಗ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೀನೇ ಬರಿ. ನೀನು ನಿಧಾನಕ್ಕೆ ಬರೀತೀಯ, ಇಲ್ಲದ್ದು ಸೇರಿಸಲ್ಲ" ಎಂದಳು. ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು. ಮಾತು ಸೊಟ್ಟಗಿದ್ದರೆ ತಪ್ಪು ನನ್ನದು. ನಡೆದದ್ದು ಮಾತ್ರ ಅಜ್ಜಿ ಹೇಳಿದ ಹಾಗೆಯೇ ಇದೆ.

ಅಜ್ಜಿ ದರ್ಜಿ ಕೆಲಸದವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಲವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದಳು. ಅವಳು ಅಂಚು ಮಡಿಸಿ ಕೈಹೊಲಿಗೆ ಹಾಕಿದರೆ ಬಟ್ಟೆಯನ್ನು ತಿರುವಿ ಬೆಳಕಿಗೆ ಹಿಡಿದರೂ ದಾರ ಎಲ್ಲಿ ಹೋಗಿದೆ ಎಂದು ತಿಳಿಯುತ್ತಿರಲಿಲ್ಲ. ಬೇರೆಯವರ ಹೊಲಿಗೆ ನೋಡಿದರೆ ಅವಳ ಮೂಗು ತಾನಾಗಿಯೇ ಸುಕ್ಕಾಗುತ್ತಿತ್ತು. "ಇದೇನು ಹೊಲಿಗೆಯೋ, ಗೋಣಿಚೀಲಕ್ಕೆ ಹಾಕಿದ ದಬ್ಬಣವೋ!" ಎನ್ನುತ್ತಿದ್ದಳು.

ತಾತ ಬಸ್ ನಿಲ್ದಾಣದಲ್ಲಿ ಟೈಂಕೀಪರ್ ಆಗಿದ್ದವನು. ಬಂದ ಬಸ್ಸು, ಹೋದ ಬಸ್ಸು ಬರೆದುಕೊಳ್ಳುವುದೇ ಅವನ ಬದುಕು. ನಿವೃತ್ತಿಯಾದ ಮೇಲೆ ಬರೆಯಲು ಬಸ್ಸಿಲ್ಲದೆ, ಹಾಲಿನವನು ಬಂದ ವೇಳೆ, ಪಕ್ಕದ ಮನೆಯವರು ಬಾಗಿಲು ಹಾಕಿದ ವೇಳೆ ಬರೆದಿಡತೊಡಗಿದ.

"ನೀವು ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲೇ ನಿಂತ್ಕೊಂಡು, ಯಾವ ದೇವದೂತ ಎಷ್ಟು ನಿಮಿಷ ತಡ ಅಂತ ಬರ್ಕೋತೀರಿ" ಎಂದು ಅಜ್ಜಿ ರೇಗಿಸಿದರೆ, "ಯಾರಾದ್ರೂ ಬರ್ಕೋಬೇಕಲ್ಲ. ಅಲ್ಲಿ ಕಾಲಕ್ಕೆ ಕೊನೆಯೇ ಇಲ್ವಂತೆ, ಹೇಳೋರು ಕೇಳೋರು ಬೇಡ್ವಾ?" ಎಂದು ತಾತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

ಮದುವೆಯಾದ ಹೊಸದರಲ್ಲೇ ಅವರಿಬ್ಬರ ನಡುವೆ ಇಲಾಖೆ ಹಂಚಿಕೆಯಾಗಿತ್ತು. ಕಾಗದ, ಪುಸ್ತಕ, ವೇಳೆ ತಾತನದು. ಬಟ್ಟೆ, ಸೂಜಿ, ದಾರ ಅಜ್ಜಿಯದು. ಒಬ್ಬರ ಇಲಾಖೆಗೆ ಇನ್ನೊಬ್ಬರು ತಲೆ ಹಾಕುವಂತಿಲ್ಲ. ಮನೆಯಲ್ಲಿ ಜಗಳ ಕಡಿಮೆಯಾಗಲು ಕಾರಣ ಇದೇ ಎಂದು ಅಜ್ಜಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಈಗ ಹೇಳಿಕೊಳ್ಳುವುದಿಲ್ಲ.

ಅಜ್ಜಿಗೆ ಅರವತ್ಮೂರು, ತಾತನಿಗೆ ಅರವತ್ತಾರು ಇದ್ದಾಗ ಸಭೆಯವರು ಒಂದು ಹಿರಿಯ ದಂಪತಿಯನ್ನು ಎರಡು ವರ್ಷದ ಸೇವೆಗೆ ಹೊರದೇಶಕ್ಕೆ ಕಳಿಸುತ್ತೇವೆ ಎಂದರು. ಪ್ರಸಂಗ, ಬೋಧನೆ ಮಾಡಬೇಕಿಲ್ಲ. ಅಲ್ಲಿನ ಸಣ್ಣ ಸಭೆಯ ಪ್ರಾರ್ಥನಾಲಯ ನೋಡಿಕೊಳ್ಳಬೇಕು, ಕಾಯಿಲೆಯವರನ್ನೂ ಒಂಟಿಯಾಗಿರುವವರನ್ನೂ ಹೋಗಿ ಮಾತನಾಡಿಸಬೇಕು. ನಿಯಮ ಒಂದೇ: ಎಲ್ಲಿಗೆ ಹೋದರೂ ಇಬ್ಬರೂ ಜೊತೆಯಾಗಿ ಹೋಗಬೇಕು.

"ಈ ವಯಸ್ಸಲ್ಲಿ ಬೇಕೇನಮ್ಮಾ?" ಎಂದು ಮಗಳು, ಅಂದರೆ ನನ್ನ ಅಮ್ಮ, ಕೇಳಿದಳು.

"ನೂಲು ಪೋಣಿಸೋಕೆ ಕಣ್ಣಿದೆ, ಮೆಟ್ಟಿಲು ಹತ್ತೋಕೆ ಕಾಲಿದೆ. ಎರಡೂ ಹೋದ್ಮೇಲೆ ಹೋಗ್ಲಾ?" ಎಂದಳು ಅಜ್ಜಿ. ಹೊರಟೇಬಿಟ್ಟರು.

ಅಲ್ಲಿ ಅವರಿಗೆ ಸಿಕ್ಕಿದ್ದು ಕನ್ನಡಕದ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ಎರಡು ಕೋಣೆ. ನಲವತ್ತೆಂಟು ಮೆಟ್ಟಿಲು; ತಾತ ಮೊದಲ ದಿನವೇ ಎಣಿಸಿ ಬರೆದುಕೊಂಡ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಮನೆಯ ಗೋಡೆ, ಒಂದು ಕೊಳವೆ. ಕಪಾಟಿನ ಬಾಗಿಲಿಗೆ ದಿನಕ್ಕೆ ಹತ್ತು ಹೊಸ ಪದ ಬರೆದ ಚೀಟಿ ಅಂಟಿಸಿಕೊಂಡು, ಬೆಳಿಗ್ಗೆ ಕಾಫಿ ಕುದಿಯುವಷ್ಟು ಹೊತ್ತು ಬಾಯಿಪಾಠ ಮಾಡುತ್ತಿದ್ದರು. ತಾತನಿಗೆ ವ್ಯಾಕರಣ ಬಂತು, ಮಾತು ಬರಲಿಲ್ಲ. ಅಜ್ಜಿಗೆ ವ್ಯಾಕರಣ ಬರಲಿಲ್ಲ, ಮಾತು ಬಂತು. ಆರು ತಿಂಗಳಾಗುವಷ್ಟರಲ್ಲಿ ಅಜ್ಜಿ ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತಿದ್ದಳು; ತಾತ ಹಿಂದೆ ನಿಂತು ಅವಳ ಕ್ರಿಯಾಪದ ತಿದ್ದುತ್ತಿದ್ದ.

ಪ್ರಾರ್ಥನಾಲಯ ಹಿಂದಿನ ಬೀದಿಯಲ್ಲಿತ್ತು. ಮೊದಲು ಮರದ ಸಾಮಾನಿನ ಉಗ್ರಾಣವಾಗಿತ್ತಂತೆ. ಎಂಬತ್ತು ಕುರ್ಚಿ, ಮೂವತ್ತು ಜನ. ಅಜ್ಜಿ ಗುಡಿಸಿ ಒರೆಸಿ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದಳು. ತಾತ ಗಂಟೆ ಬಾರಿಸುತ್ತಿದ್ದ. ಅಲ್ಲಿನ ಪಾಸ್ಟರು ಉದ್ದನೆಯ, ನಗೆಮೊಗದ ಮನುಷ್ಯ, ವಾರದ ದಿನಗಳಲ್ಲಿ ಶಾಲೆಯ ವ್ಯಾನು ಓಡಿಸುತ್ತಿದ್ದವರು. ಒಂದು ತಿಂಗಳ ಮೇಲೆ ಅವರು ತಾತನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಆರಾಧನೆ ಸಮಯಕ್ಕೆ ಸರಿಯಾಗಿ ಶುರುವಾಗಿದ್ದು ಇದೇ ಮೊದಲು. ಪಾಪ, ಹತ್ತು ಜನಕ್ಕೆ ಮೊದಲ ಹಾಡೇ ತಪ್ಪಿಹೋಯ್ತು" ಎಂದರು. ತಾತ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ.

ಅವರಿಗಿಂತ ಮೊದಲು ಅಲ್ಲಿ ಸೇವೆ ಮಾಡಿದ್ದ ದಂಪತಿ ಕಪ್ಪು ರಟ್ಟಿನ ಒಂದು ದಪ್ಪ ಪುಸ್ತಕ ಬಿಟ್ಟುಹೋಗಿದ್ದರು. ನೀರಿನ ಮೋಟರು ಹೇಗೆ ಹಾಕಬೇಕು, ಯಾವ ಬೀಗಕ್ಕೆ ಯಾವ ಕೀಲಿ, ಯಾರ ಮನೆಯ ನಾಯಿ ಕಚ್ಚುತ್ತದೆ, ಎಲ್ಲ ಅದರಲ್ಲಿತ್ತು. ದಿನಾ ಮಧ್ಯಾಹ್ನ ಊಟದ ಮೇಲೆ ತಾತ ನಿಘಂಟು ಪಕ್ಕಕ್ಕಿಟ್ಟುಕೊಂಡು ಅದರ ಒಂದೊಂದು ಪುಟವನ್ನು ಗಟ್ಟಿಯಾಗಿ ಓದಿ ಅಜ್ಜಿಗೆ ಅರ್ಥ ಹೇಳುತ್ತಿದ್ದ.

ಬಂದ ಮೂರನೇ ವಾರ ಅಜ್ಜಿ ಪ್ರಾರ್ಥನಾಲಯದ ಹಿಂದಿನ ಕೋಣೆಯ ಬೀರು ತೆಗೆದಳು. ಒಳಗೆ ಏಳು ಬಿಳಿ ನಿಲುವಂಗಿಗಳು ತೂಗುತ್ತಿದ್ದವು. ಅವು ದೀಕ್ಷಾಸ್ನಾನದ ದಿನ, ನೀರಲ್ಲಿ ಮುಳುಗಿ ಸಭೆಗೆ ಸೇರಲು ತೊಟ್ಟಿಗೆ ಇಳಿಯುವವರು ಹಾಕಿಕೊಳ್ಳುವ ಅಂಗಿಗಳು. ಅಂಚಿನ ಸುತ್ತ ಕಂದು ಕಲೆ. ಮುಟ್ಟಿ ನೋಡಿದರೆ ಮಡಿಕೆಯೊಳಗೆ ಗಟ್ಟಿಯಾಗಿ ಏನೋ. ನಾಲ್ಕು ಹೊಲಿಗೆ ಬಿಚ್ಚಿದಳು. ನಲ್ಲಿ ರಿಪೇರಿಯವರು ಬಳಸುವಂಥ ಕಬ್ಬಿಣದ ವಾಷರು! ಒಂದೊಂದು ಅಂಗಿಯಲ್ಲಿ ಹನ್ನೆರಡು ಬಿಲ್ಲೆ, ಎಲ್ಲಕ್ಕೂ ತುಕ್ಕು. ಹೊಲಿಗೆಯಂತೂ ದಬ್ಬಣದ್ದೇ.

ಬಟ್ಟೆ ಒಣಗಿಸುವ ಹಗ್ಗ ಆ ಕಟ್ಟಡದ ತಾರಸಿಯ ಮೇಲಿತ್ತು, ಅಲ್ಲಿ ಸದಾ ಗಾಳಿ. ಅಜ್ಜಿ ಎರಡೂ ಸೇರಿಸಿ ಲೆಕ್ಕ ಹಾಕಿದಳು: ಗಾಳಿಗೆ ಹಾರಿಹೋಗದಿರಲಿ ಎಂದು ಯಾರೋ ಸೋಮಾರಿ ಅಂಚಿಗೆ ಕಬ್ಬಿಣ ತುಂಬಿದ್ದಾರೆ. ಬಟ್ಟೆಗೆ ಕ್ಲಿಪ್ಪು ಹಾಕುವ ಬದಲು ಬಟ್ಟೆಯನ್ನೇ ಹಾಳು ಮಾಡಿದ್ದಾರೆ. ಏಳೂ ಅಂಗಿಯ ಅಂಚು ಬಿಚ್ಚಿ, ಎಂಬತ್ನಾಲ್ಕು ಬಿಲ್ಲೆ ತೆಗೆದು ಬಿಸ್ಕತ್ತಿನ ಡಬ್ಬಿಗೆ ತುಂಬಿದಳು. ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿದಳು. ಆಮೇಲೆ ಒಂದು ವಾರ ಕೂತು ತನ್ನ ಕೈಯ ಹೊಲಿಗೆ ಹಾಕಿದಳು.

ಅವಳು ಐದನೇ ಅಂಗಿಯಲ್ಲಿದ್ದ ದಿನ ತಾತ ಪುಸ್ತಕದ ಪುಟ ತಿರುವಿ, "ಇವಳೇ, ಇಲ್ಲಿ ನಿನ್ನ ಇಲಾಖೆದು ಬಂತು. ನಿಲುವಂಗಿಗಳ ವಿಷಯ..." ಎಂದು ಶುರುಮಾಡಿದ.

ಅಜ್ಜಿ ತಲೆ ಎತ್ತಲಿಲ್ಲ. "ಅದನ್ನ ಬಿಡಿ, ಮುಂದಿನ ಪುಟ ಓದಿ. ಬಟ್ಟೆ ವಿಷಯಕ್ಕೆ ನನಗೆ ಪುಸ್ತಕದಿಂದ ಪಾಠ ಬೇಕಾಗಿಲ್ಲ. ಈ ಹೊಲಿಗೆ ಹಾಕಿದವರು ಬರೆದದ್ದೇ ತಾನೇ?"

"ಅಲ್ಲ, ಎರಡೇ ಸಾಲು..."

"ರೀ, ನಾನು ನಿಮ್ಮ ಗಡಿಯಾರಕ್ಕೆ ಕೀಲಿ ಕೊಡೋಕೆ ಬರ್ತೀನಾ?"

ತಾತ ನಕ್ಕು ಪುಟ ತಿರುವಿದ. ನಾಯಿ ಕಚ್ಚುವ ಮನೆಗಳ ಪಟ್ಟಿ ಓದಿದ. ಬಟ್ಟೆಯ ವಿಷಯ ದರ್ಜಿಗೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದಂತೆ ಎಂದು ಅವನೂ ನಂಬಿದ್ದ. ಹಾಗಾಗಿ ಆ ಎರಡು ಸಾಲನ್ನು ತಾನೂ ಪೂರ್ತಿ ಓದಲಿಲ್ಲ.

ಬೇಕರಿಯವಳು ಸಿಕ್ಕಿದ್ದು ಆರನೇ ತಿಂಗಳಲ್ಲಿ. ನಲವತ್ತರ ಆಸುಪಾಸಿನ ಒಂಟಿ ಹೆಂಗಸು. ಬೇಕರಿಯ ಹಿಂಭಾಗದಲ್ಲಿ ಬ್ರೆಡ್ಡು ಕಟ್ಟುವ ಕೆಲಸ. ಗಿರಾಕಿಗಳ ಎದುರಿಗೆ ಬರುವುದಿಲ್ಲ. ಪ್ರಾರ್ಥನಾಲಯದಲ್ಲಿ ಕೊನೆಯ ಸಾಲಿನಲ್ಲಿ ಕೂತು ಕೊನೆಯ ಹಾಡಿಗೆ ಮೊದಲೇ ಎದ್ದುಹೋಗುತ್ತಿದ್ದಳು. ಒಂದು ಭಾನುವಾರ ಅವಳ ಉದ್ದ ಲಂಗದ ಅಂಚು ಕುರ್ಚಿಯ ಮೊಳೆಗೆ ಸಿಕ್ಕಿ ಹರಿಯಿತು. ಅಜ್ಜಿಯ ಕೈಚೀಲದಲ್ಲಿ ಸೂಜಿ ದಾರ ಇಲ್ಲದ ದಿನವೇ ಇಲ್ಲ. ಬಾಗಿ ಅಂಚು ಹಿಡಿದುಕೊಂಡಾಗ ಆ ಹೆಂಗಸು ಬೆಂಕಿ ಮುಟ್ಟಿದವಳಂತೆ ಕಾಲು ಹಿಂದಕ್ಕೆ ಎಳೆದುಕೊಂಡಳು.

ಹಾಗಾದರೆ ಹೊಲಿಯುವುದನ್ನೇ ಕಲಿಸುತ್ತೇನೆ ಎಂದು ಅಜ್ಜಿ ಅವಳನ್ನು ಒಪ್ಪಿಸಿದಳು. ಮುಂದಿನ ವಾರದಿಂದ ಪ್ರತಿ ಬುಧವಾರ, ಅವಳ ಪಾಳಿ ಮುಗಿದ ಮೇಲೆ, ನಾಲ್ಕು ಹತ್ತಕ್ಕೆ ಅಜ್ಜಿ ತಾತ ಅವಳ ಮನೆಗೆ ಹೋಗತೊಡಗಿದರು. ಒಂದೇ ಕೋಣೆ, ಒಬ್ಬಳೇ ಹೆಂಗಸು. ಆದ್ದರಿಂದ ತಾತ ಒಳಗೆ ಹೋಗದೆ ಮಹಡಿ ಮೆಟ್ಟಿಲ ಮೇಲೆ ಪತ್ರಿಕೆ ಹಿಡಿದು ಕೂರುತ್ತಿದ್ದ. ಇಬ್ಬರೂ ಜೊತೆಯಾಗಿರಬೇಕೆಂಬ ನಿಯಮವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಎದುರು ಮನೆಯ ಮುದುಕ ನಾಲ್ಕು ವಾರ ನೋಡಿ ನೋಡಿ ಒಂದು ಸ್ಟೂಲು ತಂದುಕೊಟ್ಟ.

ಒಳಗೆ ಅಜ್ಜಿ ಅವಳಿಗೆ ಅಂಚು ಹೊಲಿಯುವುದನ್ನು ಕಲಿಸಿದಳು. "ದಾರವನ್ನ ಎಳೀಬೇಡ, ಕರಿ. ಕರೆದರೆ ಬರುತ್ತೆ." ಅವಳು ಅಜ್ಜಿಗೆ ತನ್ನ ಭಾಷೆಯ ಪದಗಳನ್ನು ತಿದ್ದಿದಳು. ಅಜ್ಜಿಯನ್ನು ಏನೆಂದು ಕರೆಯಬೇಕು ಎಂದು ಕೇಳಿ 'ಅಮ್ಮ' ಎಂಬ ಮಾತನ್ನು ಕಲಿತುಕೊಂಡಳು. ಹತ್ತನೇ ಬುಧವಾರವೋ ಹನ್ನೊಂದನೆಯದೋ, ಹೊಲಿಗೆ ಪಕ್ಕಕ್ಕಿಟ್ಟು, ದಪ್ಪ ಮೇಜೋಡು ಕೆಳಗೆ ಜಾರಿಸಿ ತನ್ನ ಕಾಲು ತೋರಿಸಿದಳು. ಮಂಡಿಯಿಂದ ಹಿಮ್ಮಡಿವರೆಗೆ ಸುಟ್ಟ ಗಾಯದ ಗುರುತು. ಎಂಟು ವರ್ಷದವಳಿದ್ದಾಗ ಕುದಿಯುವ ನೀರಿನ ಹಂಡೆ ಮಗುಚಿತ್ತಂತೆ. ಶಾಲೆಯಲ್ಲಿ ಮಕ್ಕಳು ಇಟ್ಟ ಹೆಸರನ್ನು ಅವಳು ಅಜ್ಜಿಗೆ ಹೇಳಿದಳು. ಅಜ್ಜಿ ನನಗೆ ಹೇಳಲಿಲ್ಲ.

"ನೀವೊಬ್ರೇ ಅಮ್ಮ, ನೋಡಿದ್ದು" ಎಂದಳು.

ದೀಕ್ಷಾಸ್ನಾನ ತೆಗೆದುಕೊಳ್ಳಬೇಕೆಂಬ ಆಸೆ ಅವಳಿಗೆ ಎಷ್ಟೋ ವರ್ಷದಿಂದ ಇತ್ತು. ತಡೆದದ್ದು ಈ ಕಾಲುಗಳೇ. ಆ ಪ್ರಾರ್ಥನಾಲಯದ ತೊಟ್ಟಿಗೆ ಮುಂದಿನ ಗೋಡೆ ಗಾಜಿನದು. ಇಳಿದವರು ಎಲ್ಲರಿಗೂ ಕಾಣಲಿ ಎಂದು ಯಾರೋ ಹಾಗೆ ಕಟ್ಟಿಸಿದ್ದರು. ಅವಳು ಒಂದು ವರ್ಷ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಜ್ಜಿ ಒತ್ತಾಯಿಸಲಿಲ್ಲ. ತಾತ ಮಾತ್ರ ಮೆಟ್ಟಿಲು ಇಳಿಯುವಾಗ, "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಬರ್ತಾಳೆ ಬಿಡು" ಎಂದು ತಮಾಷೆ ಮಾಡುತ್ತಿದ್ದ.

ಹತ್ತೊಂಬತ್ತನೇ ತಿಂಗಳಲ್ಲಿ ಒಂದು ಬುಧವಾರ ಅವಳೇ ಕೇಳಿದಳು. "ಅಮ್ಮ, ಆ ಅಂಗಿ ಎಷ್ಟು ಉದ್ದ ಇದೆ?"

"ಹಿಮ್ಮಡಿ ಮುಟ್ಟುತ್ತೆ."

"ನೀರಲ್ಲೂ?"

"ನೀರಲ್ಲೂ. ನಾನೇ ಅಂಚು ಹೊಲಿದಿದ್ದೀನಿ. ನಿನ್ನ ಕಾಲಿನ ಉಗುರೂ ಕಾಣಲ್ಲ. ನಾನಿದ್ದೀನಲ್ಲ."

"ಮೇಜೋಡು ಹಾಕ್ಕೊಂಡೇ ಇಳೀಬಹುದಾ?"

"ಬೇಡಮ್ಮ, ಮೆಟ್ಟಿಲು ಜಾರುತ್ತೆ. ನನ್ನ ಮಾತು ನಂಬು."

ನಂಬಿದಳು. ಅಜ್ಜಿ ಅವಳ ಅಳತೆಯ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿದಳು. ಅವರು ಬಂದ ಮೇಲೆ ಆ ತೊಟ್ಟಿಗೆ ನೀರು ತುಂಬಿದ್ದು ಅದೇ ಮೊದಲು. ತಾತ ಬೆಳಿಗ್ಗೆ ಆರಕ್ಕೇ ಹೋಗಿ ಮೋಟರು ಹಾಕಿ, ನೀರು ಬೆಚ್ಚಗಾಗುವವರೆಗೆ ಕಾದು, ವೇಳೆ ಬರೆದಿಟ್ಟ.

ಭಾನುವಾರ ಮೂವತ್ತು ಜನವೂ ಬಂದಿದ್ದರು. ಪಾಸ್ಟರು ಮೊದಲು ತೊಟ್ಟಿಗಿಳಿದು ಕೈ ಚಾಚಿದರು. ಬೇಕರಿಯವಳು ಪಕ್ಕದ ಮೆಟ್ಟಿಲ ಮೇಲೆ ನಿಂತು ಒಮ್ಮೆ ತಿರುಗಿ ನೋಡಿದಳು. ಅಜ್ಜಿ ತಲೆಯಾಡಿಸಿದಳು. ಒಂದು ಮೆಟ್ಟಿಲು, ಎರಡನೆಯದು. ಮೂರನೆಯ ಮೆಟ್ಟಿಲಿಗೆ ಅಂಗಿಯ ಅಂಚು ನೀರಿನ ಮೇಲೆ ತೇಲಿತು. ಒಳಗೆ ಗಾಳಿ ತುಂಬಿಕೊಂಡು, ಬಿಚ್ಚಿದ ಕೊಡೆಯ ಹಾಗೆ ಅವಳ ಸೊಂಟದ ಸುತ್ತ ಹರಡಿಕೊಂಡಿತು. ಅವಳು ಎರಡು ಕೈಯಲ್ಲೂ ಒತ್ತಿದಳು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದಿತು. ಗಾಜಿನ ಆಚೆಗೆ, ಬೆಳಕಿನಲ್ಲಿ, ಅವಳ ಎರಡು ಕಾಲೂ ಮಂಡಿಯ ಮೇಲಿನವರೆಗೆ ಮೂವತ್ತು ಜನರ ಎದುರಿಗಿದ್ದವು.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಂದು ಚಿಕ್ಕ ಮಗು, "ಅವರ ಕಾಲಿಗೆ ಏನಾಗಿದೆ?" ಎಂದು ಗಟ್ಟಿಯಾಗಿ ಕೇಳಿತು. ತಾಯಿ ಅದರ ಬಾಯಿ ಮುಚ್ಚಿದಳು. ಪಾಸ್ಟರು ಬೇಗ ಬೇಗ ಮಾತು ಮುಗಿಸಿ ಅವಳನ್ನು ಮುಳುಗಿಸಿ ಎತ್ತಿದರು.

ಅಂಗಿ ಮೇಲೆದ್ದ ಆ ಕ್ಷಣದಲ್ಲೇ ಅಜ್ಜಿಗೆ ಬಿಲ್ಲೆಗಳು ಯಾಕಿದ್ದವೆಂದು ತಿಳಿದುಹೋಯಿತು. ಯಾರೂ ಹೇಳಿಕೊಡಬೇಕಾಗಲಿಲ್ಲ. ಅವು ಗಾಳಿಗಲ್ಲ, ನೀರಿಗೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಿಂದಿನ ಕೋಣೆಯಲ್ಲಿ ಬೇಕರಿಯವಳು ಒದ್ದೆ ಅಂಗಿಯಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಅಜ್ಜಿ ನೆಲದ ಮೇಲೆ ಮಂಡಿಯೂರಿ ಟವಲ್ಲಿನಿಂದ ಅವಳ ಕಾಲು ಸುತ್ತಿದಳು. ಅವಳು ಅಳುತ್ತಿರಲಿಲ್ಲ. ಅಂಗಿಯ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜುತ್ತಿದ್ದಳು.

"ಅಮ್ಮ, ಅಂಗಿ ಯಾಕೆ ಮೇಲೆ ಬಂತು?"

ಅಜ್ಜಿ ಈ ಪ್ರಶ್ನೆಯ ತನಕ ಹೇಳಿ ಪ್ರತಿ ಸಲವೂ ನಿಲ್ಲಿಸುತ್ತಾಳೆ. ಅಲ್ಲಿ ಒಂದೇ ಒಂದು ಮಾತು ಸಾಕಿತ್ತು, ಅದಕ್ಕೆ ಬೇಕಾದ ಪದಗಳೂ ಅವಳಿಗೆ ಬರುತ್ತಿದ್ದವು. ನಲವತ್ತು ವರ್ಷ ಯಾವ ಗಿರಾಕಿಯ ಎದುರೂ ತನ್ನ ಹೊಲಿಗೆ ತಪ್ಪು ಎಂದು ಹೇಳಿ ಅಭ್ಯಾಸವಿಲ್ಲದ ಬಾಯಿ ಅದು.

"ಹಳೇ ಬಟ್ಟೆ ಕಣಮ್ಮ. ಸವೆದು ಹಗುರ ಆಗಿತ್ತೇನೋ. ನನಗೂ ಗೊತ್ತಾಗ್ಲಿಲ್ಲ" ಎಂದಳು.

ಬೇಕರಿಯವಳು ಅಂಚು ಬಿಟ್ಟಳು. ಬಟ್ಟೆ ಬದಲಿಸಿ, ಮೇಜೋಡು ಎಳೆದುಕೊಂಡು, ಹಿಂದಿನ ಬಾಗಿಲಿನಿಂದ ಹೊರಟುಹೋದಳು.

ಮನೆಗೆ ಬಂದ ಮೇಲೆ ತಾತ ಕಪ್ಪು ಪುಸ್ತಕ ತೆಗೆದು ಆ ಪುಟ ಹುಡುಕಿದ. ಎರಡೇ ಸಾಲು. 'ನಿಲುವಂಗಿಯ ಅಂಚಿನಲ್ಲಿ ಹನ್ನೆರಡು ಬಿಲ್ಲೆ ಇರಬೇಕು, ಇಲ್ಲದಿದ್ದರೆ ನೀರಿನಲ್ಲಿ ಮೇಲೇಳುತ್ತದೆ. ಪ್ರತಿ ಸಲವೂ ಮುಟ್ಟಿ ಎಣಿಸಿ.' ಅವನು ಗಟ್ಟಿಯಾಗಿ ಓದಲಿಲ್ಲ. ಅಜ್ಜಿ ಅವನ ಮುಖ ನೋಡಿ ತಿಳಿದುಕೊಂಡಳು.

"ನಾನು ಅವತ್ತು ಓದಿ ಮುಗಿಸ್ಬೇಕಿತ್ತು" ಎಂದ ತಾತ.

"ನಾನು ಬಿಟ್ಟಿದ್ರೆ ತಾನೇ ನೀವು ಓದೋದು."

"ನೀನು ಬೇಡ ಅಂದ್ರೂ ಓದ್ಬೇಕಿತ್ತು. ಡ್ರೈವರ್ ಬೈತಾನೆ ಅಂತ ನಾನು ಯಾವತ್ತಾದ್ರೂ ವೇಳೆ ಬರೆಯೋದು ಬಿಟ್ಟಿದ್ದೀನಾ?" ಪುಸ್ತಕ ಮುಚ್ಚಿಟ್ಟು ಕೇಳಿದ, "ಅವಳಿಗೆ ಏನು ಹೇಳಿದೆ?"

ಅಜ್ಜಿ ಹೇಳಿದಳು.

"ಬುಧವಾರ ಹೋದಾಗ ಸರಿಮಾಡು. ಹೇಳಿಬಿಡು."

"ಹೇಳ್ತೀನಿ."

ಬುಧವಾರ ನಾಲ್ಕು ಹತ್ತಕ್ಕೆ ಹೋದರು. ಬಾಗಿಲು ತೆರೆಯಲಿಲ್ಲ. ಒಳಗೆ ನೆಲದ ಹಲಗೆ ಕಿರುಗುಟ್ಟಿದ್ದು ಕೇಳಿಸಿತು. ಅಜ್ಜಿ ಬಾಗಿಲಿಗೆ ಬಾಯಿ ಹತ್ತಿರ ತಂದು, "ನಾನಮ್ಮ. ಚಳಿ ಜಾಸ್ತಿಯಾಗಿದೆ, ಹುಷಾರಾಗಿರು" ಎಂದಳು. ಬಿಲ್ಲೆಯ ಮಾತು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು. ಮುಖ ನೋಡಿ ಹೇಳಬೇಕಾದ ಮಾತನ್ನು ಮರದ ಬಾಗಿಲಿಗೆ ಹೇಗೆ ಹೇಳುವುದು, ಅವಳು ಬಾಗಿಲು ತೆರೆದ ದಿನ ಹೇಳುತ್ತೇನೆ ಎಂದುಕೊಂಡಳು. ಮುಂದಿನ ಬುಧವಾರ ದಾರದ ಅಂಗಡಿಗೆ ಹೊಸ ಬಣ್ಣಗಳು ಬಂದಿವೆ ಎಂದಳು. ಅದರ ಮುಂದಿನ ವಾರ, ಪಾಸ್ಟರು ಕೇಳಿದರು ಎಂದಳು. ಎದುರು ಮನೆಯ ಮುದುಕ ಪ್ರತಿ ಸಲವೂ ಸ್ಟೂಲು ತಂದಿಡುತ್ತಿದ್ದ. ತಾತನಿಗೆ ಕೂರುವಷ್ಟು ಹೊತ್ತೇ ಇರುತ್ತಿರಲಿಲ್ಲ. ಅವನ ಪುಸ್ತಕದಲ್ಲಿ ಈಗಲೂ ಇದೆ: 'ಬುಧವಾರ. 4.10 ಬಂದೆವು. 4.16 ಹೊರಟೆವು. ಬಾಗಿಲು ತೆರೆಯಲಿಲ್ಲ.' ಹೀಗೆ ಹದಿನಾರು ಬುಧವಾರ. ನೀರಿಗೆ ಬರುವವಳ ತಮಾಷೆಯನ್ನು ತಾತ ಮತ್ತೆ ಮಾಡಲಿಲ್ಲ.

ಆ ತಿಂಗಳುಗಳಲ್ಲಿ ಅಜ್ಜಿ ಏಳೂ ನಿಲುವಂಗಿಯ ಅಂಚು ಮತ್ತೆ ಬಿಚ್ಚಿದಳು. ತುಕ್ಕು ಹಿಡಿಯದ ಹೊಸ ಬಿಲ್ಲೆ ತಂದು, ಒಂದೊಂದಕ್ಕೂ ಬೆರಳಗಲದ ಚೀಲ ಹೊಲಿದು, ಅಂಚಿನೊಳಗೆ ಕೂರಿಸಿದಳು. ಬಹಳ ಚೆನ್ನಾಗಿ ಬಂದಿತ್ತಂತೆ. ಯಾರೂ ಆ ತೊಟ್ಟಿಗೆ ಇಳಿಯಲಿಲ್ಲ. ಸಭೆಯಲ್ಲಿ ಎಲ್ಲರೂ ಅಂಗಿ ಹಳೆಯದಾಗಿತ್ತು ಎಂದೇ ನಂಬಿದ್ದರು. ಒಬ್ಬ ಹೆಂಗಸಂತೂ, "ನೀವು ಅಷ್ಟು ಮುತುವರ್ಜಿ ವಹಿಸಿದ್ರೂ ಹೀಗಾಯ್ತಲ್ಲ" ಎಂದು ಅಜ್ಜಿಯನ್ನೇ ಸಮಾಧಾನ ಮಾಡಿದಳು. ಅದನ್ನು ಕೇಳಿಸಿಕೊಂಡು ಅಜ್ಜಿ ಸುಮ್ಮನೆ ಕುರ್ಚಿ ಒರೆಸಿದಳು.

ಎರಡು ವರ್ಷ ತುಂಬಿತು. ಶುಕ್ರವಾರ ಹೊರಡಬೇಕು. ಹದಿನೇಳನೇ ಬುಧವಾರ ಬಂತು. ಬೆಳಿಗ್ಗೆ ಅಜ್ಜಿ ಎರಡು ವಾಕ್ಯ ಬರೆದು ತಾತನ ಮುಂದಿಟ್ಟಳು. "ಕ್ರಿಯಾಪದ ಸರಿ ಇದೆಯಾ ನೋಡಿ" ಎಂದಳು. ತಾತ ಓದಿದ. "ಸರಿ ಇದೆ" ಎಂದ. ತಿದ್ದಲು ಒಂದು ತಪ್ಪೂ ಇರಲಿಲ್ಲವೋ, ಅವನು ತಿದ್ದಲಿಲ್ಲವೋ, ಅಜ್ಜಿಗೆ ಗೊತ್ತಿಲ್ಲ.

ನಾಲ್ಕು ಹತ್ತಕ್ಕೆ ಬಾಗಿಲ ಮುಂದೆ ನಿಂತು ಅಜ್ಜಿ ಬಾಯಿಪಾಠ ಒಪ್ಪಿಸುವ ಮಗುವಿನಂತೆ ಹೇಳಿದಳು: "ಅಂಗಿಯಿಂದ ಬಿಲ್ಲೆ ತೆಗೆದದ್ದು ನಾನು. ಗೊತ್ತಾದ ಮೇಲೂ ನಿನಗೆ ಸುಳ್ಳು ಹೇಳಿದ್ದು ನಾನು."

ಒಳಗೆ ಹಲಗೆ ಕಿರುಗುಟ್ಟಿತು. ಸರಪಳಿ ಹಾಕಿದ್ದ ಹಾಗೆಯೇ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಬೇಕರಿಯವಳ ಅರ್ಧ ಮುಖ ಕಂಡಿತು. ಮೊದಲಿಗಿಂತ ಇಳಿದಿದ್ದಳು.

"ನನಗೆ ಗೊತ್ತಿತ್ತು ಅಮ್ಮ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅವತ್ತು ಒದ್ದೆ ಅಂಗಿಯ ಅಂಚು ಮುಟ್ಟಿ ನೋಡಿದೆ. ಹಳೇ ಬಟ್ಟೆಗೆ ಹೊಸ ದಾರ. ನಿಮ್ಮ ಹೊಲಿಗೆ ನನಗೆ ಗೊತ್ತಾಗಲ್ವಾ? ನೀವೇ ಕಲಿಸಿದ್ದಲ್ವಾ? ಪಕ್ಕದಲ್ಲಿ ತೂಗುಹಾಕಿದ್ದ ಅಂಗಿಗಳಲ್ಲಿ ಹಳೇ ಸೂಜಿಯ ದೊಡ್ಡ ದೊಡ್ಡ ತೂತು, ತುಕ್ಕಿನ ಮಸುಕು ಗುರುತು ಇನ್ನೂ ಹಾಗೇ ಇತ್ತು. ಒಳಗೆ ಏನೋ ಇತ್ತು, ನೀವು ತೆಗೆದಿದ್ದೀರಿ ಅಂತ ಅಲ್ಲೇ ತಿಳೀತು."

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಎಲ್ರೂ ನನ್ನ ಕಾಲು ನೋಡಿದ್ದನ್ನ ಹೇಗೋ ನುಂಗ್ಕೋತಿದ್ದೆ" ಎಂದಳು ಬೇಕರಿಯವಳು. "ತಪ್ಪು ಯಾರಿಗಾಗಲ್ಲ? ನೀವು ಬಟ್ಟೆ ಮೇಲೆ ಹಾಕಿದ್ರಿ. ಬುಧವಾರ ಬಂದು ಹೇಳ್ತೀರಿ ಅಂತ ಕಾದೆ. ಪ್ರತಿ ಬುಧವಾರ ಈ ಬಾಗಿಲ ಹಿಂದೆಯೇ ನಿಂತಿದ್ದೆ. ನೀವು ಚಳಿ ಅಂದ್ರಿ, ದಾರದ ಅಂಗಡಿ ಅಂದ್ರಿ."

"ನೀನು ಬಾಗಿಲು ತೆಗೆದ್ರೆ ಹೇಳೋಣ ಅಂತ..."

"ನೀವು ಹೇಳಿದ್ರೆ ಬಾಗಿಲು ತೆಗೆಯೋಣ ಅಂತ ನಾನಿದ್ದೆ." ಅವಳ ದನಿ ಏರಲಿಲ್ಲ. "ಇವತ್ತು ಹೇಳಿದ್ದೀರಿ. ಯಾಕಂದ್ರೆ ನಾಳಿದ್ದು ಹೋಗ್ತೀರಿ."

ಅದು ನಿಜವಾಗಿತ್ತು. ಅಜ್ಜಿ ಸಂದಿಯಲ್ಲಿ ಕೈ ಚಾಚಿದಳು. ಬೇಕರಿಯವಳು ಆ ಕೈ ನೋಡಿದಳು, ತೋರುಬೆರಳ ತುದಿಯ ಸೂಜಿ ಗುರುತು ನೋಡಿದಳು. ಹಿಡಿಯಲಿಲ್ಲ.

"ಮೆಟ್ಟಿಲು ಒದ್ದೆ ಇದೆ. ಹುಷಾರಾಗಿ ಇಳೀರಿ ಅಮ್ಮ" ಎಂದಳು. ಬಾಗಿಲು ಮೆಲ್ಲಗೆ ಮುಚ್ಚಿತು.

ಇಳಿಯುವಾಗ ತಾತ ಅಜ್ಜಿಯ ಮೊಣಕೈ ಹಿಡಿದಿದ್ದ. ಕೆಳಗೆ ಬೀದಿಗೆ ಬಂದ ಮೇಲೆ ಪುಸ್ತಕ ತೆಗೆದ, ಪೆನ್ಸಿಲ್ ತೆಗೆದ. 'ಬುಧವಾರ. 4.10 ಬಂದೆವು' ಎಂದು ಬರೆದು, ಗಡಿಯಾರ ನೋಡದೆ ಪುಸ್ತಕ ಮುಚ್ಚಿದ. ಆ ಪುಟದಲ್ಲಿ ಹೊರಟ ವೇಳೆ ಇಲ್ಲ.

ಗುರುವಾರ ಅಜ್ಜಿ ಪಾಸ್ಟರ ಮನೆಗೆ ಹೋಗಿ ಎಲ್ಲ ಹೇಳಿದಳು. ಅವರು ನಗಲಿಲ್ಲ, ಬೈಯಲೂ ಇಲ್ಲ; ಭಾನುವಾರ ಸಭೆಗೆ ತಿಳಿಸುತ್ತೇನೆ ಎಂದರು. ಆಮೇಲೆ ಕಪ್ಪು ಪುಸ್ತಕದಲ್ಲಿ, ಆ ಎರಡು ಸಾಲಿನ ಕೆಳಗೆ ಅಜ್ಜಿ ತನ್ನ ಕೈಯಾರೆ ಬರೆದಳು: 'ಬಿಲ್ಲೆಗಳನ್ನು ತೆಗೆಯಬೇಡಿ. ಇದನ್ನು ಯಾರಾದರೂ ಓದಿ ಹೇಳುತ್ತಿದ್ದರೆ ಪೂರ್ತಿ ಕೇಳಿ.' ತಾತನ ಇಲಾಖೆಯ ಪುಸ್ತಕದಲ್ಲಿ ಅಜ್ಜಿ ಬರೆದದ್ದು ಅದೊಂದೇ.

ಅವರು ಮರಳಿ ಬಂದು ಏಳು ತಿಂಗಳಾಯಿತು. ಸಭೆಯವರು ಹಾರ ಹಾಕಿ, ಎಷ್ಟು ಜನರನ್ನು ಸಭೆಗೆ ನಡೆಸಿದಿರಿ ಎಂದು ಕೇಳಿದರು. ಅಜ್ಜಿ, "ಒಬ್ಬಳನ್ನ ಕರ್ಕೊಂಡು ಬಂದ್ವಿ, ನಾನೇ ವಾಪಸ್ಸು ಕಳಿಸಿದೆ" ಎಂದಳು. ಅವರು ತಮಾಷೆ ಎಂದುಕೊಂಡರು. ಪಾಸ್ಟರ ಕಾಗದ ಎರಡು ಬಂದಿವೆ. ಕೊನೆಯ ಸಾಲಿನ ಆ ಕುರ್ಚಿ ಖಾಲಿಯೇ ಇದೆಯಂತೆ. ಅಜ್ಜಿ ಈಗಲೂ ಸಮವಸ್ತ್ರ ಹೊಲಿಯುತ್ತಾಳೆ. ಬುಧವಾರ ನಾಲ್ಕು ಗಂಟೆ ದಾಟಿದರೆ ಯಂತ್ರ ನಿಲ್ಲಿಸಿ, ಬಟ್ಟೆಯ ಅಂಚು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂರುತ್ತಾಳೆ. ತಾತ ಆ ಹೊತ್ತಿಗೆ ಮಾತ್ರ ಯಾರಿಗೂ ವೇಳೆ ಹೇಳುವುದಿಲ್ಲ.

ನಾಳೆ ಬೆಳಿಗ್ಗೆ ಇದನ್ನು ಅಜ್ಜಿಗೆ ಮೊದಲಿನಿಂದ ಓದುತ್ತೇನೆ. ಮಧ್ಯದಲ್ಲಿ ಸಾಕು ಎಂದರೂ ನಿಲ್ಲಿಸದೆ ಕೊನೆತನಕ ಓದುತ್ತೇನೆ. ತಪ್ಪು ತಿದ್ದಿ, ಬಿಳಿ ಹಾಳೆಯಲ್ಲಿ ಎರಡು ಪ್ರತಿ ಮಾಡಿ, ಒಂದನ್ನು ಸಂಚಿಕೆಗೂ, ಇನ್ನೊಂದನ್ನು ತಾತನಿಂದ ಅಲ್ಲಿನ ಭಾಷೆಯಲ್ಲಿ ಅರ್ಥ ಬರೆಸಿ, ಬೇಕರಿಯವಳಿಗೆ ತಲುಪಿಸಿ ಎಂದು ಆ ಪಾಸ್ಟರ ವಿಳಾಸಕ್ಕೂ ಅಂಚೆಗೆ ಹಾಕುತ್ತೇನೆ.